ಜಾಗ ತಪ್ಪಿ ಕೂತ ಚೂರು

ಅತ್ತಿಗೆಯನ್ನು ಸ್ಕ್ಯಾನಿಗೆ ಕರೆತಂದ ದಿನ ಟೈಪಿಸ್ಟ್ ಎಂದಿಗಿಂತ ಅರ್ಧ ಗಂಟೆ ಮೊದಲೇ ಸೆಂಟರಿಗೆ ಬಂದಳು. ಕಾಯುವವರ ಬೆಂಚನ್ನು ತಾನೇ ಒರೆಸಿ, ಫ್ಯಾನಿನ ಕೆಳಗಿನ ಜಾಗದಲ್ಲಿ ಅತ್ತಿಗೆಯನ್ನು ಕೂರಿಸಿದಳು. ಬಂದವರು ತನ್ನ ಮನೆಯವರೆಂದು ಮಾತ್ರ ಯಾರಿಗೂ ಹೇಳಲಿಲ್ಲ. ಹೇಳಬಾರದೆಂದೇನಲ್ಲ. ಹೇಳುವುದಕ್ಕೆ ಬಾಯಿ ತೆರೆಯಬೇಕಲ್ಲ, ಅವಳಿಗೆ ಅದೇ ದೊಡ್ಡ ಕೆಲಸ. ಎಂಟು ವರ್ಷದಿಂದ ಅದೇ ಕೋಣೆಯಲ್ಲಿ ಅದೇ ಕುರ್ಚಿಯ ಮೇಲೆ ಕೂತು ವರದಿ ಟೈಪ್ ಮಾಡಿದ್ದಾಳೆ. ಅಷ್ಟು ವರ್ಷದಲ್ಲಿ ಅವಳು ಆಡಿದ ಮಾತನ್ನೆಲ್ಲ ಒಟ್ಟುಹಾಕಿದರೆ ಒಂದು ಹಾಳೆ ತುಂಬುತ್ತಿತ್ತೋ ಇಲ್ಲವೋ.

ಸ್ಕ್ಯಾನ್ ಮಾಡುವ ಟೆಕ್ನಿಷಿಯನ್ ಒಂದು ಜಗ್ಗು ನೀರು, ಒಂದು ಲೋಟ ಹಿಡಿದು ಬಂದ. ಅವನ ನಿಜವಾದ ಹೆಸರು ಸಂಬಳದ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. 'ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ' ಎಂದು ದಿನವಿಡೀ ಕೂಗಿ ಕೂಗಿ ಎಲ್ಲರಿಗೂ ಉಸಿರಣ್ಣನಾಗಿಬಿಟ್ಟಿದ್ದ.

"ತಗೊಳ್ಳಿ ತಾಯಿ, ನಾಲ್ಕು ಲೋಟ. ಒಂದೇ ಸಲ ಬೇಡ, ಸ್ವಲ್ಪ ಸ್ವಲ್ಪ ಕುಡೀರಿ."

"ಕಳೆದ ಸಲ ಸುಣ್ಣದ ನೀರಿನ ಹಾಗೆ ಬೆಳ್ಳಗೆ ಏನೋ ಕೊಟ್ಟಿದ್ರಿ?" ಅತ್ತಿಗೆ ಕೇಳಿದಳು.

"ಆಗ ಹಾಗೆ, ಈಗ ಹೀಗೆ. ಆ ಬಿಳೀದು ಹೊಟ್ಟೆ ಒಳಗೆ ಎಲ್ಲಾನೂ ಮುಚ್ಚಿಬಿಡ್ತದೆ. ಬರೀ ನೀರು ತುಂಬಿದ್ರೆ ಹೊಟ್ಟೆ ಉಬ್ಬಿ, ಗೋಡೆ ಚೆನ್ನಾಗಿ ಕಾಣ್ತದೆ. ನಮ್ಮ ಡಾಕ್ಟರಮ್ಮನ ಹೊಸ ಕಾನೂನು. ನನಗಂತೂ ಸುಖ, ಬಿಳೀದು ಕುಡಿದೋರು ಬೈಯೋದು ನಿಂತುಹೋಯ್ತು."

ಅತ್ತಿಗೆ ನಕ್ಕಳು. ಈ ಒಂದು ವಾರದಿಂದ ಅವಳು ಹೀಗೆ ನಗುತ್ತಿದ್ದಳು. ಸುತ್ತಮುತ್ತ ಎಲ್ಲರೂ ಕಣ್ಣು ಒರೆಸಿಕೊಳ್ಳುತ್ತಿದ್ದರೆ ಅವಳೊಬ್ಬಳ ಮುಖ ಮಾತ್ರ ಹಗುರಾಗಿತ್ತು. ಟೈಪಿಸ್ಟಿಗೆ ಅದೇ ಭಯ ಹುಟ್ಟಿಸಿತ್ತು.

"ಪುಟ್ಟಿ, ಇಲ್ಲಿ ಬಾ," ಉಸಿರಣ್ಣ ಹೋದಮೇಲೆ ಅತ್ತಿಗೆ ಪಿಸುಗುಟ್ಟಿದಳು. "ನಿನಗೊಂದು ಹೇಳ್ತೀನಿ, ಯಾರ ಹತ್ರಾನೂ ಹೇಳಬೇಡ. ಆಸ್ಪತ್ರೇಲಿ ಬಾಯೊಳಗೆ ಆ ಕೊಳವೆ ಇಳಿಸಿ ನೋಡಿ, 'ಗಡ್ಡೆ ಇದೆ' ಅಂದ್ರಲ್ಲ, ಆ ದಿನ ನನಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ? ಗಡ್ಡೆ ಅಂದ್ರೆ ಹೆದರ್ಬೇಕು, ಹೆದರಿಕೇನೂ ಆಯ್ತು. ಆದ್ರೆ ಮೊದಲು ಆಗಿದ್ದು ಸಮಾಧಾನ. ಸದ್ಯ, ಏನೋ ಒಂದು ಸಿಕ್ತಲ್ಲಪ್ಪಾ, ಅಂತ."

ಟೈಪಿಸ್ಟ್ ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟಳು. ಒಂದಿಷ್ಟು ನೀರು ಅತ್ತಿಗೆಯ ಸೆರಗಿನ ಮೇಲೆ ಚೆಲ್ಲಿತು.

ಆ ಸಮಾಧಾನದ ಹಿಂದೆ ಏನಿತ್ತೆಂದು ಅವಳಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಅವಳೂ ಅದರಲ್ಲಿ ಪಾಲುದಾರಳು.

ಅವರ ಮನೆಯ ಮುಂದಿನ ಕೋಣೆಯಲ್ಲಿ ಬೈಂಡಿಂಗ್ ಕೆಲಸ. ಅಣ್ಣ ರಟ್ಟು ಕತ್ತರಿಸುತ್ತಾನೆ, ಒತ್ತುಯಂತ್ರದ ಚಕ್ರ ತಿರುಗಿಸುತ್ತಾನೆ. ಅಮ್ಮ ಅಂಟು ಕಾಯಿಸಿ ಬಳಿಯುತ್ತಾಳೆ. ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನು ಮಡಚಿ, ಮಡಿಕೆಯ ಮೇಲೆ ಮರದ ಪಟ್ಟಿ ಎಳೆದು, ಸೂಜಿ ದಾರದಲ್ಲಿ ಹೊಲಿಯುವುದು ಅತ್ತಿಗೆಯ ಪಾಲು. ದಿನಕ್ಕೆ ಸಾವಿರ ಮಡಿಕೆ. ಮದುವೆಯಾಗಿ ಬಂದ ಹೊಸತರಲ್ಲೇ ಅವಳು ಊಟವಾದ ಮೇಲೆ ಒಂದು ಗಳಿಗೆ ಮಲಗಬೇಕು ಎನ್ನುತ್ತಿದ್ದಳು. ಹೊಟ್ಟೆಯ ಮೇಲ್ಭಾಗದಲ್ಲಿ, ಪಕ್ಕೆಲುಬು ಕೂಡುವ ಕಡೆ, ಕೊರೆದ ಹಾಗೆ ಆಗುತ್ತದೆ ಎನ್ನುತ್ತಿದ್ದಳು. "ನಮಗೂ ಆಗುತ್ತೆ ಕಣಮ್ಮ, ಕೆಲಸ ಜಾಸ್ತಿ ಇದ್ದ ದಿನ ಎಲ್ಲರಿಗೂ ಆಗುತ್ತೆ," ಎಂದು ಅಮ್ಮ ನಗುತ್ತಲೇ ಹೇಳಿದ್ದಳು. ಆಮೇಲೆ ಆ ನಗು ಹೋಗಿ ಮಾತು ಮಾತ್ರ ಉಳಿಯಿತು. ಶಾಲೆ ತೆರೆಯುವ ಮುಂಚಿನ ತಿಂಗಳಲ್ಲಿ, ನೋಟ್‌ಬುಕ್ಕಿನ ರಾಶಿ ಸೂರು ಮುಟ್ಟುವಾಗ, ನೋವು ಬಂದರೆ ಅಣ್ಣನೂ ಮುಖ ತಿರುಗಿಸುತ್ತಿದ್ದ.

ಕೊನೆಗೆ ಮೂರು ವರ್ಷದ ಹಿಂದೆ, ಟೈಪಿಸ್ಟೇ ಅತ್ತಿಗೆಯನ್ನು ಇದೇ ಸೆಂಟರಿಗೆ ಕರೆತಂದಿದ್ದಳು.

ಸ್ಕ್ಯಾನ್ ನೋಡಿ ವರದಿ ಹೇಳಿ ಬರೆಸುವುದಕ್ಕೆ ಡಾಕ್ಟರಮ್ಮನದ್ದು ಒಂದು ಕ್ರಮವಿತ್ತು. ದಿನಕ್ಕೆ ನಲವತ್ತು ಸ್ಕ್ಯಾನ್ ನೋಡಬೇಕು. ಪಿತ್ತಕೋಶ ಸರಿಯಿದೆ, ಮೂತ್ರಪಿಂಡ ಸರಿಯಿದೆ ಎಂದು ಒಂದೊಂದಕ್ಕೂ ಹೇಳುತ್ತ ಕೂತರೆ ಗಂಟಲು ಬಿದ್ದುಹೋಗುತ್ತದೆ. ಹಾಗಾಗಿ ಅವರು ಕೆಟ್ಟಿರುವುದನ್ನು ಮಾತ್ರ ಹೇಳಿ, 'ಮಿಕ್ಕಿದ್ದು ಎಂದಿನಂತೆ' ಎಂದು ಮುಗಿಸುತ್ತಿದ್ದರು. ಟೈಪಿಸ್ಟ್ ಒಂದು ಕೀ ಒತ್ತಿದರೆ ಹನ್ನೆರಡು ಸಾಲು ತಾವಾಗಿ ಬಂದು ಹಾಳೆಯ ಮೇಲೆ ಕೂರುತ್ತಿದ್ದವು. ಹನ್ನೆರಡನೆಯದು: 'ವಿಶೇಷವೇನೂ ಕಂಡುಬಂದಿಲ್ಲ.'

ಅತ್ತಿಗೆಯ ಸ್ಕ್ಯಾನ್ ಬಂದಾಗ ಡಾಕ್ಟರಮ್ಮ, "ಜಠರದ ಕೆಳಗಿನ ತುದಿಯಲ್ಲಿ..." ಎಂದು ಶುರುಮಾಡಿ ನಿಂತರು. ಟೈಪಿಸ್ಟಿನ ಬೆರಳು ಕಾದವು. ಗೋಡೆ ಗಡಿಯಾರದ ಸದ್ದು ಕೇಳುವಷ್ಟು ಹೊತ್ತು ಅವರು ಸುಮ್ಮನಿದ್ದರು. ಆಮೇಲೆ, "ಬಿಡು, ಹೊಟ್ಟೆ ಸರಿಯಾಗಿ ಉಬ್ಬಿಲ್ಲ, ಅದರದ್ದೇ ಮಡಿಕೆ ಅದು. ಮಿಕ್ಕಿದ್ದು ಎಂದಿನಂತೆ," ಎಂದರು. ಅವಳು ಕೀ ಒತ್ತಿದಳು.

ಸಂಜೆ ಮನೆಯಲ್ಲಿ ಅಣ್ಣ, "ಏನು ಬಂತು, ಓದು," ಎಂದ. ಅವಳು ಎಲ್ಲರ ಎದುರು ಓದಿದಳು. ಅಮ್ಮ ಅಂಟಿನ ಬ್ರಷ್ ಒರೆಸುತ್ತ, "ಮಿಷಿನ್ನೇ ಹೇಳಿದ ಮೇಲೆ ಮುಗೀತಲ್ಲ," ಎಂದಳು. ಅಂದಿನಿಂದ ಅತ್ತಿಗೆ ನೋವಿನ ಮಾತೇ ಎತ್ತಲಿಲ್ಲ. ಊಟವಾದ ಮೇಲೆ ಮೇಜಿನ ಮೂಲೆಯನ್ನು ಪಕ್ಕೆಲುಬಿನ ಕೆಳಗೆ ಒತ್ತಿಕೊಂಡು, ತುಟಿ ಕಚ್ಚಿ, ಹಾಳೆ ಮಡಚುತ್ತಿದ್ದಳು. ಅದನ್ನು ಗಮನಿಸಿದವಳು ಟೈಪಿಸ್ಟ್ ಒಬ್ಬಳೇ. ಡಾಕ್ಟರಮ್ಮ ಅರ್ಧಕ್ಕೆ ನಿಲ್ಲಿಸಿದ ಆ ವಾಕ್ಯವೂ ಅವಳಿಗೊಬ್ಬಳಿಗೇ ಗೊತ್ತಿತ್ತು. ಎರಡನ್ನೂ ಅವಳು ಯಾರಿಗೂ ಹೇಳಲಿಲ್ಲ.

ಕಳೆದ ತಿಂಗಳು ಅತ್ತಿಗೆ ಒತ್ತುಯಂತ್ರದ ಪಕ್ಕದಲ್ಲೇ ಕುಸಿದುಬಿದ್ದಳು. ದೊಡ್ಡಾಸ್ಪತ್ರೆಯಲ್ಲಿ ಎಂಡೋಸ್ಕೋಪಿ ಮಾಡಿದರು. ಜಠರದ ಒಳಪದರದ ಕೆಳಗೆ ಒಂದು ಗಡ್ಡೆ. ಮೇಲಿನಿಂದ ಚಿವುಟಿ ತೆಗೆದ ಚೂರಿನಲ್ಲಿ ಏನೂ ಸಿಗಲಿಲ್ಲ, ಯಾಕೆಂದರೆ ಗಡ್ಡೆ ಇರುವುದು ಇನ್ನೂ ಆಳದಲ್ಲಿ. ಸರ್ಜನ್ನರು ಕ್ಯಾನ್ಸರ್ ಇರಬಹುದು ಎಂದರು. ಜಠರದ ಕೆಳಗಿನ ಅರ್ಧ ತೆಗೆದುಬಿಡೋಣ, ಅದಕ್ಕೆ ಮೊದಲು ಒಂದು ಸ್ಕ್ಯಾನ್ ಆಗಲಿ ಎಂದರು. ಬರುವ ಗುರುವಾರಕ್ಕೆ ಆಪರೇಷನ್ ಗೊತ್ತಾಗಿತ್ತು. ಮನೆಯಲ್ಲಿ ಎಲ್ಲ ತಿರುಗುಮುರುಗಾಯಿತು. ಅಮ್ಮ ಹಾಲಿನ ಲೋಟ ಹಿಡಿದು ಸೊಸೆಯ ಹಿಂದೆ ಹಿಂದೆ ಓಡಾಡಿದಳು. ಅಣ್ಣ ಹಾಳೆ ಮಡಚಲು ತಾನೇ ಕೂತು, ಒಂದೂ ನೇರ ಬರದೆ, ರಾಶಿ ಹಾಳುಮಾಡಿದ.

ಗಾಜಿನ ಈಚೆ ನಿಂತು ಟೈಪಿಸ್ಟ್ ನೋಡಿದಳು. ಅತ್ತಿಗೆ ಮಿಷಿನ್ನಿನ ಹಲಗೆಯ ಮೇಲೆ ಅಂಗಾತ ಮಲಗಿದ್ದಳು, ತೋಳಿಗೆ ಸೂಜಿ. ಉಸಿರಣ್ಣ ಮೈಕಿನಲ್ಲಿ, "ಈಗ ಡೈ, ಚಿತ್ರ ಚೆನ್ನಾಗಿ ಕಾಣೋ ಔಷಧಿ, ಒಳಗೆ ಹೋಗ್ತದೆ ತಾಯಿ, ಮೈ ಬಿಸಿ ಆಗ್ತದೆ, ಹೆದರ್ಕೋಬೇಡಿ," ಎಂದ. ಕಣ್ಣು ಸೆಕೆಂಡು ಎಣಿಸುವ ಕೆಂಪು ಗಡಿಯಾರದ ಮೇಲೆ. "ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ..." ಹಲಗೆ ಮೆಲ್ಲಗೆ ಬಳೆಯಂಥ ಯಂತ್ರದೊಳಗೆ ಜಾರಿತು. ಅರ್ಧ ನಿಮಿಷ ಬಿಟ್ಟು ಇನ್ನೊಂದು ಸುತ್ತು.

"ಎರಡು ಸುತ್ತು ಯಾಕೆ?" ಎಂದಳು ಟೈಪಿಸ್ಟ್. ಅವಳು ಪ್ರಶ್ನೆ ಕೇಳಿದ್ದಕ್ಕೆ ಉಸಿರಣ್ಣ ತಿರುಗಿ ನೋಡಿದ.

"ಅಬ್ಬಾ, ಬಾಯಿ ಬಂತಾ ನಿನಗೆ! ಮೊದಲ ಸುತ್ತಲ್ಲಿ ಡೈ ಯಾವುದಕ್ಕೆ ಬೇಗ ಹಿಡೀತು ಅಂತ ಗೊತ್ತಾಗ್ತದೆ, ಎರಡನೇದರಲ್ಲಿ ಯಾವುದು ಬೇಗ ಬಿಟ್ಟುಕೊಡ್ತು ಅಂತ. ಒಂದೊಂದರ ಚಾಳಿ ಒಂದೊಂದು. ಅದಿರಲಿ, ನಿನ್ನ ಮುಖ ಯಾಕೆ ಸುಟ್ಟ ಕಾಗದದ ಹಾಗಾಗಿದೆ?"

"ಏನಿಲ್ಲ," ಎಂದು ಅವಳು ತನ್ನ ಕೋಣೆಗೆ ಹೋದಳು.

ವರದಿ ಕೋಣೆಗೆ ಕಿಟಕಿಯಿರಲಿಲ್ಲ. ಡಾಕ್ಟರಮ್ಮನ ಮೇಜಿನ ಮೇಲೆ ಎರಡು ದೊಡ್ಡ ತೆರೆ, ಅವುಗಳ ಬೆಳಕಿನಲ್ಲಿ ಅವರ ನರೆಗೂದಲು ನೀಲಿಯಾಗಿ ಕಾಣುತ್ತಿತ್ತು. ಎರಡು ಮಾರು ದೂರದಲ್ಲಿ, ಅವರ ಹೆಗಲಿನ ಹಿಂದೆ, ಟೈಪಿಸ್ಟಿನ ಮೇಜು. ಅತ್ತಿಗೆಯ ಸರದಿ ಬಂದದ್ದು ಹನ್ನೊಂದನೆಯದಾಗಿ.

"ಜಠರದ ಗಡ್ಡೆ, ಗುರುವಾರ ಆಪರೇಷನ್," ಡಾಕ್ಟರಮ್ಮ ಚೀಟಿ ಓದಿದರು. ಚಿತ್ರಗಳು ಒಂದರ ಹಿಂದೊಂದು ಓಡಿದವು. ನೀರು ತುಂಬಿದ ಜಠರ ಕಪ್ಪು ಚೀಲದ ಹಾಗೆ ಉಬ್ಬಿ ನಿಂತಿತ್ತು. ಅದರ ಕೆಳತುದಿಯ ಗೋಡೆಯಿಂದ ಒಳಕ್ಕೆ ಬೆಳ್ಳಗಿನ ಒಂದು ದಿಣ್ಣೆ. "ಇದೋ, ಇಲ್ಲಿದೆ."

ಅವರು ಮುಂದೆ ಹೋಗಲಿಲ್ಲ. ಮತ್ತೆ ಮೇಲೆ ಹೋದರು, ಮತ್ತೆ ಕೆಳಗೆ ಬಂದರು. ಕನ್ನಡಕ ಹಣೆಗೆ ಏರಿಸಿ ತೆರೆಯ ಹತ್ತಿರ ಬಾಗಿದರು. ಅವರಿಗೆ ಒಬ್ಬರೇ ಮಾತಾಡಿಕೊಳ್ಳುವ ಅಭ್ಯಾಸ. ಟೈಪಿಸ್ಟ್ ಅದನ್ನು ಟೈಪ್ ಮಾಡುತ್ತಿರಲಿಲ್ಲ, ಕೇಳಿಸಿಕೊಳ್ಳುತ್ತಿದ್ದಳು ಅಷ್ಟೆ.

"ಗೋಡೆ ಒಳಗಿನ ಗಡ್ಡೆ ಗೋಲಿ ಹಾಗೆ ದುಂಡಗಿರ್ಬೇಕು. ಇದು ಒತ್ತಿದ ಹಿಟ್ಟಿನ ಉಂಡೆ ಹಾಗೆ ಚಪ್ಪಟೆ. ಅಂಚೂ ನೇರ ಇಲ್ಲ... ನೆತ್ತಿ ಮೇಲೆ ಒಂದು ಚಿಕ್ಕ ಗುಳಿ ಬೇರೆ. ಯಾರಪ್ಪಾ ನೀನು?"

ಮೌಸ್ ಒತ್ತಿ ದಿಣ್ಣೆಯ ಮೇಲೆ ಒಂದು ಚಿಕ್ಕ ವೃತ್ತ ಎಳೆದರು. ಅದರ ಪಕ್ಕದಲ್ಲಿ, ಡೈ ಎಷ್ಟು ಹಿಡಿದಿದೆ ಎಂದು ತೋರಿಸುವ ಸಂಖ್ಯೆ ಮೂಡಿತು: ನೂರಾ ಎರಡು. ಜಠರದ ಹಿಂದೆ ಉದ್ದಕ್ಕೆ ಮಲಗಿದ್ದ ಮೇದೋಜೀರಕ ಗ್ರಂಥಿಯ ಮೇಲೆ ಇನ್ನೊಂದು ವೃತ್ತ: ನೂರಾ ನಾಲ್ಕು. ಎರಡನೆಯ ಸುತ್ತಿನ ಚಿತ್ರ ತೆಗೆದರು. ದಿಣ್ಣೆ ಎಂಬತ್ತೈದು. ಗ್ರಂಥಿ ಎಂಬತ್ತಾರು. ಡಾಕ್ಟರಮ್ಮ ಕುರ್ಚಿಗೆ ಒರಗಿದರು.

"ಏನಮ್ಮ, ಬಾ ಇಲ್ಲಿ. ನೋಡು."

ಎಂಟು ವರ್ಷದಲ್ಲಿ ಅವರು ಕರೆದು ತೋರಿಸಿದ್ದು ಅದೇ ಮೊದಲು. ಟೈಪಿಸ್ಟ್ ಎದ್ದು ಹೋಗಿ ಅವರ ಹೆಗಲ ಹಿಂದೆ ನಿಂತಳು.

"ಇದು ಗಡ್ಡೆಯಲ್ಲ. ಅಗೋ ಹಿಂದೆ ಮಲಗಿದೆಯಲ್ಲ ಮೇದೋಜೀರಕ, ಅದರ ಮನೆಯದೇ ಇದು. ತಾಯಿ ಹೊಟ್ಟೇಲಿ ಮಗು ಬೆಳೆಯೋವಾಗ ಒಂದು ಚೂರು ಕಳಚಿಕೊಂಡು, ಜಾಗ ತಪ್ಪಿ, ಜಠರದ ಗೋಡೆ ಒಳಗೆ ಬಂದು ಕೂತಿದೆ. ಅದು ಬೆಳಗಿದಾಗ ಇದೂ ಬೆಳಗುತ್ತೆ, ಅದು ಮಂಕಾದಾಗ ಇದೂ ಮಂಕಾಗುತ್ತೆ. ನೆತ್ತಿ ಮೇಲಿನ ಗುಳಿ ಇದೆಯಲ್ಲ, ಅದು ರಸ ಹೊರಗೆ ಬರೋ ಬಾಯಿ." ಅವರ ದನಿಯಲ್ಲಿ ಹಳೆಯ ಪರಿಚಯಸ್ಥರನ್ನು ಸಂತೆಯಲ್ಲಿ ಕಂಡವರ ಹಿಗ್ಗಿತ್ತು. "ಬಯಾಪ್ಸಿಲಿ ಯಾಕೆ ಸಿಗಲಿಲ್ಲ ಗೊತ್ತಾಯ್ತಾ? ಮೇಲೆ ಹೊದಿಕೆ ಜಠರದ್ದೇ. ಒಳಗಿರೋನು ಬೇರೆ. ಪುಣ್ಯವಂತೆ, ಅರ್ಧ ಹೊಟ್ಟೆ ಉಳೀತು. ಈಕೆಯ ಹಳೇ ಸ್ಕ್ಯಾನ್ ಏನಾದ್ರೂ ಇದೆಯಾ ನೋಡು. ಹಿಂದಿನಿಂದಲೂ ಇಷ್ಟೇ ಇದ್ದರೆ ನನಗೂ ಧೈರ್ಯ."

ಟೈಪಿಸ್ಟ್ ಹುಡುಕಬೇಕಾಗಿರಲಿಲ್ಲ. ತಾರೀಖು ಅವಳಿಗೆ ಬಾಯಿಪಾಠ. ತೆಗೆದುಕೊಟ್ಟಳು.

ಎರಡನೆಯ ತೆರೆಯ ಮೇಲೆ ಮೂರು ವರ್ಷದ ಹಿಂದಿನ ಚಿತ್ರ ಬಂತು. ಬಿಳಿಯ ದ್ರವ ಅರ್ಧಂಬರ್ಧ ತುಂಬಿದ, ಕುಗ್ಗಿದ ಜಠರ. ಮಡಿಕೆಗಳ ನಡುವೆ, ಈಗ ಎಲ್ಲಿ ನೋಡಬೇಕೆಂದು ಗೊತ್ತಿದ್ದವರ ಕಣ್ಣಿಗೆ, ಅದೇ ದಿಣ್ಣೆ. ಅಳತೆ ಕೂಡ ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಡಾಕ್ಟರಮ್ಮ ಆಗಿನ ವರದಿಯನ್ನೂ ತೆಗೆದು ಓದಿದರು. ಕೆಳಗೆ ಅವರದೇ ಸಹಿ.

ಅವರ ಹಿಗ್ಗು ಇಳಿದುಹೋಯಿತು. "ನನ್ನ ಕಣ್ಣಿಗೆ ಬಿದ್ದಿತ್ತೋ ಇಲ್ಲವೋ," ಎಂದು ಗೊಣಗಿಕೊಂಡರು. ಟೈಪಿಸ್ಟ್ ತನ್ನ ಕುರ್ಚಿಗೆ ವಾಪಸಾದಳು.

"ಸರಿ, ಬರಿ. ಜಠರದ ಕೆಳತುದಿಯ ಗೋಡೆಯಲ್ಲಿ ಎರಡು ಸೆಂಟಿಮೀಟರ್ ಉದ್ದದ ಚಪ್ಪಟೆ ದಿಣ್ಣೆ, ಎರಡೂ ಸುತ್ತಿನಲ್ಲಿ ಮೇದೋಜೀರಕ ಗ್ರಂಥಿಯಷ್ಟೇ ಡೈ ಹಿಡಿದಿದೆ. ಜಾಗ ತಪ್ಪಿದ ಮೇದೋಜೀರಕದ ಚೂರು ಇರುವ ಸಾಧ್ಯತೆ ಹೆಚ್ಚು. ಚಿತ್ರ ನೋಡಿ ನೂರಕ್ಕೆ ನೂರು ಹೇಳೋಕಾಗಲ್ಲ, ಒಳಗಿನಿಂದ ಸೂಜಿ ಹಾಕಿ ಆಳದ ಚೂರು ತೆಗೆದು ಖಚಿತಪಡಿಸಿಕೊಳ್ಳುವುದು. ಹುಟ್ಟಿನಿಂದ ಬಂದದ್ದು, ತೊಂದರೆಯಿಲ್ಲದ್ದು, ಆಕಸ್ಮಿಕವಾಗಿ ಕಂಡದ್ದು. ಚಿಕಿತ್ಸೆ ಬೇಕಿಲ್ಲ. ಮಿಕ್ಕಿದ್ದು ಎಂದಿನಂತೆ."

ಕೀಗಳ ಸದ್ದು ನಡುವೆಯೇ ನಿಂತಿತು. 'ತೊಂದರೆಯಿಲ್ಲದ್ದು' ಎಂಬಲ್ಲಿಗೆ ಬಂದು ಅವಳ ಬೆರಳು ಮುಂದೆ ಹೋಗಲಿಲ್ಲ.

ಅರ್ಧ ಹೊಟ್ಟೆ ಉಳಿಯುತ್ತದೆ. ಅದಕ್ಕೆ ಅವಳು ಕೈ ಮುಗಿಯಬೇಕು, ಮುಗಿದಳು ಕೂಡ, ಮನಸ್ಸಿನಲ್ಲೇ. ಆದರೆ ಈ ಹಾಳೆ ಮನೆಗೆ ಹೋದರೆ ಏನಾಗುತ್ತದೆಂದು ಅವಳಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತಿತ್ತು. ಅಣ್ಣ ನಿಟ್ಟುಸಿರು ಬಿಟ್ಟು ನಗುತ್ತಾನೆ. ಅಮ್ಮ ಹಾಲಿನ ಲೋಟ ಕೆಳಗಿಡುತ್ತಾಳೆ. 'ತೊಂದರೆ ಇಲ್ಲವಂತೆ, ಔಷಧಾನೂ ಬೇಡವಂತೆ. ಆಗಲೇ ಹೇಳಲಿಲ್ವಾ ನಾನು?' ಅತ್ತಿಗೆ ಮತ್ತೆ ಮೇಜಿನ ಮೂಲೆಗೆ ಹೋಗಿ ಒರಗುತ್ತಾಳೆ, ಈ ಸಲ ಸಾಯುವವರೆಗೂ.

"ಯಾಕಮ್ಮ, ಕೇಳಿಸಲಿಲ್ವಾ?"

"ಮೇಡಂ," ಎಂದಳು. ಮೇಜಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡಳು. "ಅವರಿಗೆ ನೋವಿದೆ ಮೇಡಂ."

"ಯಾರಿಗೆ?"

"ಇವರಿಗೆ. ಊಟ ಆದಮೇಲೆ ಬರುತ್ತೆ. ಮೇಲ್ಹೊಟ್ಟೇಲಿ, ಇಲ್ಲಿ. ನನ್ನ ಅತ್ತಿಗೆ ಅವರು."

ಡಾಕ್ಟರಮ್ಮ ಕುರ್ಚಿ ಸಮೇತ ತಿರುಗಿದರು. "ನಿನ್ನ ಅತ್ತಿಗೆನಾ? ಬೆಳಗ್ಗೆಯಿಂದ ಬಾಯಲ್ಲಿ ಏನು ಇಟ್ಕೊಂಡಿದ್ದೆ?" ಬೈಗುಳ ಅರ್ಧಕ್ಕೇ ನಿಂತಿತು. "ನೋಡಮ್ಮ, ಇದು ಎಷ್ಟೋ ಜನಕ್ಕೆ ಇರುತ್ತೆ. ಬೇರೆ ಯಾವುದಕ್ಕೋ ಹೊಟ್ಟೆ ಕುಯ್ದಾಗ ಕಣ್ಣಿಗೆ ಬೀಳುತ್ತೆ, ಅಲ್ಲೀವರೆಗೆ ಅವರಿಗೇ ಗೊತ್ತಿರಲ್ಲ. ನೋವು ಬೇರೆ ಯಾವುದರಿಂದಲೋ ಇರಬಹುದು. ನೋವಿನ ಫೋಟೋ ತೆಗೆಯೋಕಾಗಲ್ಲ, ನಾನು ಕಂಡದ್ದನ್ನಷ್ಟೇ ಬರೀಬೇಕು."

"ಆವತ್ತು ಕಂಡಿತ್ತು ಮೇಡಂ."

ಬಂದ ಮಾತು ಅಲ್ಲಿಗೆ ನಿಲ್ಲಲಿಲ್ಲ. "ನೀವು 'ಜಠರದ ಕೆಳಗಿನ ತುದಿಯಲ್ಲಿ' ಅಂದಿರಿ. ಆಮೇಲೆ ನಿಂತ್ರಿ. ಆಮೇಲೆ 'ಬಿಡು, ಮಡಿಕೆ' ಅಂದಿರಿ. ನಾನು ಬಿಟ್ಟೆ. ಮನೆಗೆ ಹೋಗಿ ಎಲ್ಲರ ಮುಂದೆ ನಾನೇ ಓದಿದೆ. ಏನೂ ಇಲ್ಲ ಅಂತ ಓದಿದೆ. ಅವತ್ತಿಂದ ಅವರು ನೋವು ಅನ್ನೋ ಮಾತು ಆಡಿಲ್ಲ. ಕುಸಿದುಬೀಳೋವರೆಗೂ ಆಡಿಲ್ಲ. ನನಗೆ ಮಾತ್ರ ಗೊತ್ತಿತ್ತು ನೀವು ನಿಂತಿದ್ದು. ನಾನೂ ಹೇಳಲಿಲ್ಲ."

ಡಾಕ್ಟರಮ್ಮ ಅವಳನ್ನೇ ನೋಡುತ್ತ ಕೂತರು. ಕೆಲಸ ಹೋಯಿತೆಂದುಕೊಂಡಳು. ಹೋದರೆ ಹೋಗಲಿ ಎಂದೂ ಒಂದು ಕ್ಷಣ ಅನ್ನಿಸಿತು. ಅಂಥ ಧೈರ್ಯ ತನ್ನೊಳಗೆ ಇದೆಯೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅವರು ತೆರೆಯ ಕಡೆ ತಿರುಗಿದರು. ಈ ಸಲ ದಿಣ್ಣೆಯನ್ನು ಬಿಟ್ಟು ಅದರ ಸುತ್ತಲಿನ ಕಪ್ಪನ್ನು ನೋಡಿದರು. ಬೆಳಕು ಹೆಚ್ಚಿಸಿದರು, ತಗ್ಗಿಸಿದರು. ಹಳೆಯ ಚಿತ್ರವನ್ನು ಪಕ್ಕಕ್ಕೆ ತಂದು, ಎರಡನ್ನೂ ಒಟ್ಟಿಗೆ, ಒಂದೊಂದು ಎಳೆಯಾಗಿ ಜರುಗಿಸಿದರು. ಬಹಳ ಹೊತ್ತು.

"ಬಾ," ಎಂದರು. ದನಿ ತಗ್ಗಿತ್ತು. "ಹೊಟ್ಟೆ ಹೊರಗಡೆ ಇರೋ ಕೊಬ್ಬು, ಇದು ಹೀಗೆ ಅಚ್ಚ ಕಪ್ಪಗಿರ್ಬೇಕು. ಇಲ್ಲಿ ನೋಡು, ಆ ಚೂರಿನ ಬೆನ್ನಿಗೆ. ಕನ್ನಡಿ ಮೇಲೆ ಉಸಿರು ಬಿಟ್ಟ ಹಾಗೆ ಮಬ್ಬು. ಹಳೇದರಲ್ಲಿ ಇದು ಇಲ್ಲ. ನೆರಳು ಅಂದ್ಕೊಂಡಿದ್ದೆ. ನೆರಳಲ್ಲ, ಊತ. ಮೇದೋಜೀರಕಕ್ಕೆ ಉರಿ ಬಂದರೆ ಹೀಗೇ ಆಗೋದು. ಈ ಚೂರೂ ಅದೇ ರಸ ಸುರಿಸುತ್ತೆ, ಅನ್ನ ಕರಗಿಸೋ ರಸ. ಚಿಕ್ಕ ಬಾಯಿ ಕಟ್ಟಿಕೊಂಡರೆ ಹೋಗೋಕೆ ದಾರಿ ಇಲ್ಲ, ಸುತ್ತಲೂ ಸುಡುತ್ತೆ. ಊಟ ಆದಮೇಲೆ ಅಂದೆಯಲ್ಲ? ಆಗಲೇ ಅಲ್ವಾ ರಸ ಬರೋದು." ಅವರು ಕಣ್ಣೊರೆಸಿಕೊಂಡು ಕನ್ನಡಕ ಹಾಕಿಕೊಂಡರು. "ಇದರಿಂದಲೇ ಅಂತ ಪ್ರಮಾಣ ಮಾಡೋಕಾಗಲ್ಲ. ಇದರಿಂದ ಇರಬಹುದು ಅಂತ ಬರೆಯೋಕಾಗುತ್ತೆ. ಹೋಗು, ಕೂತ್ಕೋ. ಆಕಸ್ಮಿಕ, ತೊಂದರೆಯಿಲ್ಲ, ಚಿಕಿತ್ಸೆ ಬೇಡ, ಮೂರೂ ಹೊಡೆದುಹಾಕು. 'ಚೂರಿನ ಸುತ್ತ ಉರಿಯೂತದ ಲಕ್ಷಣವಿದೆ. ರೋಗಿಯ ಬಹುಕಾಲದ ನೋವಿಗೆ ಇದು ಕಾರಣವಿರಬಹುದು. ಕ್ಯಾನ್ಸರ್ ಎಂದುಕೊಂಡು ಜಠರ ತೆಗೆಯುವ ಮುನ್ನ ಮರುಪರಿಶೀಲಿಸಬೇಕು.'"

ಅವಳು ಟೈಪ್ ಮಾಡಿದಳು. ಎಂದಿಗಿಂತ ಮೆಲ್ಲಗೆ, ಒಂದೊಂದೇ ಅಕ್ಷರ.

"ಇನ್ನೂ ಒಂದಿದೆ, ಬರಿ. 'ಮೂರು ವರ್ಷದ ಹಿಂದಿನ ಸ್ಕ್ಯಾನಿನಲ್ಲೂ ಇದೇ ಜಾಗದಲ್ಲಿ ಇದೇ ಅಳತೆಯ ಚೂರಿದೆ. ಆಗಿನ ನನ್ನ ವರದಿಯಲ್ಲಿ ಅದು ಬಿಟ್ಟುಹೋಗಿದೆ.'"

"ಮೇಡಂ, 'ನನ್ನ' ಅಂತಲೇ ಹಾಕ್ಲಾ?"

"ಮತ್ತೆ ಯಾರದ್ದು ಅಂತ ಹಾಕ್ತೀಯ? ಸಹಿ ಯಾರದ್ದಿದೆ? ಹಾಗೇ ಹೊಡಿ. ಮಿಕ್ಕ ಅಂಗಗಳನ್ನೂ ಈ ಸಲ ನಾನೇ ಹೇಳ್ತೀನಿ, ಒಂದೊಂದಾಗಿ."

ಮಧ್ಯಾಹ್ನ ಅವಳು ರಜೆ ಕೇಳಿ ಮನೆಗೆ ಹೋದಳು. ಅಮ್ಮ ಅಂಗಡಿಗೆ ಹೋಗಿದ್ದಳು, ಅಣ್ಣ ಹಿತ್ತಲಿನಲ್ಲಿ ರಟ್ಟು ಒಣಹಾಕುತ್ತಿದ್ದ. ಸ್ಕ್ಯಾನ್ ಮುಗಿಸಿ ಮೊದಲೇ ಮನೆಗೆ ಬಂದಿದ್ದ ಅತ್ತಿಗೆ ಮುಂದಿನ ಕೋಣೆಯಲ್ಲಿ ದಾರಕ್ಕೆ ಮೇಣ ಹಚ್ಚುತ್ತ ಕೂತಿದ್ದಳು. ಟೈಪಿಸ್ಟ್ ಲಕೋಟೆಯನ್ನು ಅವಳ ಕೈಗೇ ಕೊಟ್ಟು, ಕಾಗದದ ಕಟ್ಟಿನ ಮೇಲೆ ಕೂತಳು.

ಅತ್ತಿಗೆ ಬೆರಳಿಟ್ಟು ಓದಿದಳು. ಕೆಲವು ಸಾಲು ಎರಡೆರಡು ಸಲ. ಒಂದೆರಡು ಮಾತಿಗೆ ಅರ್ಥ ಕೇಳಿದಳು, ಟೈಪಿಸ್ಟ್ ಹೇಳಿದಳು. ಕೊನೆಯ ಸಾಲಿಗೆ ಬಂದಾಗ ಬೆರಳು ನಿಂತಿತು.

"ಮೂರು ವರ್ಷದ ಹಿಂದೇನೂ ಇತ್ತಾ?"

"ಹುಟ್ಟಿದಾಗಿಂದ ಇದೆ ಅತ್ತಿಗೆ."

"ಸದ್ಯ. ಈ ಮನೆಗೆ ಬಂದು ಹುಟ್ಟಿಸಿಕೊಂಡಿದ್ದಲ್ಲ ಅಂತಾಯ್ತು," ಎಂದು ನಗಲು ಹೋದಳು. ನಗು ಬರಲಿಲ್ಲ. "ಹಾಗಾದ್ರೆ ಆಗ ಯಾಕೆ ಹೇಳಲಿಲ್ಲ ಅವರು?"

ಟೈಪಿಸ್ಟ್ ಎಲ್ಲವನ್ನೂ ಹೇಳಿದಳು. ಡಾಕ್ಟರಮ್ಮ ಶುರುಮಾಡಿದ ವಾಕ್ಯ, ಗಡಿಯಾರದ ಸದ್ದು, ತಾನು ಒತ್ತಿದ ಕೀ. ತಲೆ ಎತ್ತದೆ ಹೇಳಿದಳು. ಹೇಳಿ ಮುಗಿಸಿದ ಮೇಲೂ ಎತ್ತಲಿಲ್ಲ.

"ನಿನಗೆ ಗೊತ್ತಿತ್ತು."

"ಏನೋ ಇರಬಹುದು ಅಂತ ಗೊತ್ತಿತ್ತು."

"ನಾನು ಮೇಜಿಗೆ ಒರಗಿ ನಿಲ್ಲೋದನ್ನೂ ನೋಡ್ತಿದ್ದೆ. ನಿನ್ನ ಕಣ್ಣು ನನ್ನ ಮೇಲೆ ಇರ್ತಿತ್ತು, ನನಗೆ ಗೊತ್ತಾಗ್ತಿತ್ತು ಪುಟ್ಟಿ. ಈ ಮನೇಲಿ ಒಬ್ಬಳಾದ್ರೂ ನೋಡ್ತಾಳಲ್ಲ ಅಂತ ಅಂದ್ಕೊಳ್ತಿದ್ದೆ. ನೋಡಿ ಸುಮ್ಮನಿರ್ತಾಳೆ ಅಂತ ಅಂದ್ಕೊಂಡಿರಲಿಲ್ಲ."

ಬೈದಿದ್ದರೆ ಸುಲಭವಾಗುತ್ತಿತ್ತು. ಅತ್ತಿಗೆ ಬೈಯಲಿಲ್ಲ. ಮೇಣದ ತುಂಡನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಳು. ಅತ್ತಳೂ ಇಲ್ಲ. "ಇವತ್ತಾದ್ರೂ ಹೇಳಿದೆಯಲ್ಲ," ಎಂದಳು. ಅದು ಕ್ಷಮೆಯಲ್ಲ. ಟೈಪಿಸ್ಟ್ ಅದನ್ನು ಕ್ಷಮೆಯೆಂದು ತೆಗೆದುಕೊಳ್ಳಲೂ ಇಲ್ಲ.

ಹಿತ್ತಲಿನಿಂದ ಅಣ್ಣ ಕೈ ಒರೆಸಿಕೊಳ್ಳುತ್ತ ಬಂದ. ವರದಿ ಓದಿದ. ಅವನ ಮುಖದ ಮೇಲೆ ರಕ್ತ ವಾಪಸ್ ಬಂದದ್ದು ಕಾಣಿಸಿತು. "ಕ್ಯಾನ್ಸರ್ ಅಲ್ಲವಂತೆ! ಕೇಳ್ದೇನೆ? ಅಯ್ಯೋ, ಪ್ರಾಣ ಹೋಗಿ ಬಂದ ಹಾಗಾಯ್ತು. ಹಾಗಾದ್ರೆ ಏನೂ ಇಲ್ಲ ಅಂತ ತಾನೇ?"

"ಇದೆ ಅಣ್ಣಾ," ಎಂದಳು ಟೈಪಿಸ್ಟ್. ಅಣ್ಣ ಮಾತನಾಡಿದ್ದು ಯಾರೆಂದು ಸುತ್ತ ನೋಡಿದ. "ಇನ್ನೊಂದು ಸಲ ಓದು. ಕೆಳಗಿನಿಂದ ನಾಲ್ಕನೇ ಸಾಲು, ನೋವಿನದ್ದು."

ಅವನು ಓದಿದ. ಆಮೇಲೆ ಕಾಗದ ಕೈಯಲ್ಲೇ ಇಟ್ಟುಕೊಂಡು ನಿಂತ. ಮಡಚಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ.

ಬುಧವಾರ ಬೆಳಗ್ಗೆ ಮೂವರೂ ದೊಡ್ಡಾಸ್ಪತ್ರೆಗೆ ಹೋದರು. ಸರ್ಜನ್ನರ ಕೋಣೆಯಲ್ಲಿ ರೋಗಿಗೆಂದು ಒಂದೇ ಕುರ್ಚಿ. ಅದರಲ್ಲಿ ಅತ್ತಿಗೆ ಕೂತಳು, ಅಣ್ಣ ಪಕ್ಕದಲ್ಲಿ ನಿಂತ, ಟೈಪಿಸ್ಟ್ ಬಾಗಿಲಿಗೆ ಬೆನ್ನು ಕೊಟ್ಟಳು. ಸರ್ಜನ್ನರು ವರದಿ ಓದಿದರು, ಚಿತ್ರಗಳನ್ನು ಬೆಳಕಿಗೆ ಹಿಡಿದರು, ಮತ್ತೆ ವರದಿ ಓದಿದರು.

"ಇದನ್ನ ಕಂಡುಹಿಡಿದೋರು ಗಟ್ಟಿಗರು. ನಾಳೆ ಆಪರೇಷನ್ ಬೇಡ. ಮೊದಲು ಒಳಗಿನಿಂದ ಸೂಜಿ ಹಾಕಿ ಆಳದ ಚೂರು ತೆಗೆದು ನೋಡೋಣ. ಇವರು ಹೇಳಿದ್ದೇ ನಿಜ ಆದ್ರೆ ಅರ್ಧ ಜಠರ ತೆಗೆಯೋ ಮಾತೇ ಇಲ್ಲ. ನೋವು ನಿಜವಾಗ್ಲೂ ಇದರದ್ದೇ ಅಂದ್ರೆ ಆ ಚೂರಿನ ಮಟ್ಟಿಗೆ ಕೆತ್ತಿ ತೆಗೀಬಹುದು. ಆದ್ರೆ ಅದನ್ನ ನಾನು ತೀರ್ಮಾನ ಮಾಡ್ಬೇಕಾದ್ರೆ ನೋವಿನ ವಿಷಯ ಪೂರ್ತಿ ಗೊತ್ತಾಗ್ಬೇಕು." ಪೆನ್ನಿನ ಮುಚ್ಚಳ ತೆಗೆದು ಅಣ್ಣನ ಕಡೆ ನೋಡಿದರು. "ಎಷ್ಟು ದಿನದಿಂದ ಇದೆ?"

"ಒಂದು... ಒಂದೂವರೆ ವರ್ಷ ಆಗಿರ್ಬೇಕು ಸಾರ್. ಅಷ್ಟೇನೂ—"

"ಹನ್ನೊಂದು ವರ್ಷ," ಎಂದಳು ಅತ್ತಿಗೆ.

ಅಣ್ಣ ಅವಳ ಕಡೆ ತಿರುಗಿದ.

"ಮದುವೆ ಆಗೋಕೆ ಒಂದು ವರ್ಷ ಮುಂಚೆ ಶುರುವಾಯ್ತು. ಆಗ ತಿಂಗಳಿಗೆ ಎರಡು ಸಲ ಬರ್ತಿತ್ತು. ಊಟ ಆಗಿ ಅರ್ಧ ಗಂಟೆಗೆ. ಮೊದಲು ಇಲ್ಲಿ ಉರಿ, ಆಮೇಲೆ ಬೆನ್ನಿಗೆ ದಾಟುತ್ತೆ, ಎರಡು ಭುಜದ ನಡುವೆ. ಬಗ್ಗಿದ್ರೆ ಸ್ವಲ್ಪ ಕಡಿಮೆ. ಎಣ್ಣೆ ಪದಾರ್ಥ ತಿಂದ್ರೆ ಜಾಸ್ತಿ, ಅದಕ್ಕೇ ಬಿಟ್ಟೆ. ನಾಲ್ಕನೇ ವರ್ಷ ವಾರಕ್ಕೊಂದು ಸಲ ಆಯ್ತು..."

ಸರ್ಜನ್ನರು ಬರೆಯತೊಡಗಿದರು. ಅವಳು ಅವಸರ ಮಾಡಲಿಲ್ಲ. ಒಂದೊಂದು ವರ್ಷವನ್ನೂ ಕೈಯಲ್ಲಿ ಹಿಡಿದು ತೋರಿಸುವ ಹಾಗೆ ಹೇಳಿದಳು. ಯಾವ ತಿಂಗಳು ಏನು ತಿನ್ನುವುದನ್ನು ಬಿಟ್ಟಳು, ಎಷ್ಟು ಸಲ ಬಚ್ಚಲಲ್ಲಿ ಬಾಯಿಗೆ ಸೆರಗು ತುರುಕಿಕೊಂಡಳು, ಯಾವ ದಿನ ನೋವು ಬರಲಿಲ್ಲ ಎಂಬುದೂ ಅವಳಿಗೆ ನೆನಪಿತ್ತು. ಒಮ್ಮೆ ಹಾಳೆ ತುಂಬಿ ಸರ್ಜನ್ನರು ಇನ್ನೊಂದು ಎಳೆದುಕೊಂಡರು.

ಟೈಪಿಸ್ಟ್ ಅಣ್ಣನನ್ನು ನೋಡುತ್ತಿದ್ದಳು. ಅವನು ಗೋಡೆಯ ಪಕ್ಕ ಇದ್ದ, ಔಷಧಿಯ ಡಬ್ಬಗಳಿದ್ದ ಒಂದು ಚಿಕ್ಕ ಸ್ಟೂಲನ್ನು ಕಂಡು, ಡಬ್ಬಗಳನ್ನು ಕೆಳಗಿಟ್ಟು, ಅದನ್ನು ಹೆಂಡತಿಯ ಕುರ್ಚಿಯ ಪಕ್ಕಕ್ಕೆ ತಂದು ಕೂತ. ಹೊರಗೆ ಕಾಯುತ್ತಿದ್ದವರು ಬಾಗಿಲು ತಟ್ಟಿದರು. "ಸ್ವಲ್ಪ ತಡೀರಿ," ಎಂದರು ಸರ್ಜನ್ನರು, ತಲೆಯೆತ್ತದೆ. "ಹೇಳಿ ತಾಯಿ. ಆರನೇ ವರ್ಷ?"